ಅರ್ಥಪಟ್ಟಿ ಇಲ್ಲದ ಪಾಠ

ಟೆಕ್ಸಸ್‌ನ ಕಾಲೇಜೊಂದರಲ್ಲಿ ಅಮೆರಿಕನ್ ಸಾಹಿತ್ಯ ಕಲಿಸುತ್ತೇನೆ. ಲ್ಯಾಟಿನೆಕ್ಸ್ ಬರಹಗಳನ್ನು, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಅಮೆರಿಕನ್ನರ ಬರಹಗಳನ್ನು, ಮೊದಲ ಸಲ ಪಾಠಕ್ಕಿಟ್ಟಾಗ 1987ರಲ್ಲಿ ಬಂದ ಮೆಕ್ಸಿಕನ್ ಮೂಲದ ಟೆಕ್ಸಸ್ ಲೇಖಕಿ ಗ್ಲೋರಿಯಾ ಅನ್ಸಾಲ್ದುವಾ ಅವರ ‘ಬಾರ್ಡರ್‌ಲ್ಯಾಂಡ್ಸ್’ನಿಂದ ಶುರುಮಾಡಿದೆ. ಅಲ್ಲಿ ಇಂಗ್ಲಿಷ್ ವಾಕ್ಯ ಹೇಳದೆ ಕೇಳದೆ ಸ್ಪ್ಯಾನಿಷ್‌ಗೆ ಹೊರಳುತ್ತದೆ. ವಿದ್ಯಾರ್ಥಿಗಳಿಗೆ ಕಷ್ಟವಾದೀತೆಂದು ರಾತ್ರಿಯೆಲ್ಲ ನಿಘಂಟು ತಿರುವಿ ಎರಡು ಪುಟಗಳ ಅರ್ಥಪಟ್ಟಿ ಸಿದ್ಧಪಡಿಸಿದ್ದೆ. ಶಾಲೆಯ ಬಿಡುವಿನಲ್ಲಿ ಸ್ಪ್ಯಾನಿಷ್ ಆಡಿದ್ದಕ್ಕೆ ಬೆರಳ ಗೆಣ್ಣಿನ ಮೇಲೆ ಅಡಿಪಟ್ಟಿಯ ಏಟು ತಿಂದದ್ದನ್ನು ಬರೆದವರು ಅವರು. ಅವರ ಪುಸ್ತಕಕ್ಕೆ ನಾನೂ ಒಂದು ಪಟ್ಟಿ ಹಿಡಿದು ಹೋಗಿದ್ದೆ!

ಪಟ್ಟಿಯಲ್ಲಿ ‘ಎಸ್ಪೆರಾರ್’ ಎಂಬ ಪದದ ಮುಂದೆ ‘ಕಾಯುವುದು’ ಎಂದಿತ್ತು. ಕೊನೆಯ ಸಾಲಿನ ಹುಡುಗಿಯೊಬ್ಬಳು ಹಾಳೆಯನ್ನು ಮಗುಚಿಟ್ಟು, “ಆಸೆಪಡುವುದೂ ಹೌದು, ಪ್ರೊಫೆಸರ್. ಅಜ್ಜಿ ಆ ಮಾತು ಆಡಿದಾಗ ಎರಡರಲ್ಲಿ ಯಾವುದೆಂದು ನಾವು ಕೇಳುವುದಿಲ್ಲ” ಎಂದಳು. ನನಗೆ ಥಟ್ಟನೆ ಹೊಳೆದದ್ದು ನಮ್ಮ ‘ನಿರೀಕ್ಷೆ’. ಅದರಲ್ಲೂ ಕಾಯುವುದು, ಆಸೆಪಡುವುದು ಎರಡೂ ಬೆರೆತಿವೆ. ಇಂಗ್ಲಿಷಿನ ದಾರಿಯಲ್ಲಿ ಸುತ್ತಿ ಬಂದದ್ದರಿಂದ ಪಕ್ಕದಲ್ಲೇ ಇದ್ದದ್ದು ಕಂಡಿರಲಿಲ್ಲ.

ಮುಂದಿನ ಸೆಮಿಸ್ಟರ್‌ನಲ್ಲಿ ಪಟ್ಟಿ ಬಿಟ್ಟೆ. ಮೊದಲ ಹತ್ತು ನಿಮಿಷ ಗಟ್ಟಿಯಾಗಿ ಓದುವುದು, ಉಳಿದವರು ಸುಮ್ಮನೆ ಕೇಳುವುದು, ಆಮೇಲೆ ಪ್ರಶ್ನೆ. ಇಲ್ಲೂ ಎಡವಿದೆ. ಮನೆತನದ ಹೆಸರು ನೋಡಿ ಒಬ್ಬ ಹುಡುಗನನ್ನು ಓದಲು ಎಬ್ಬಿಸಿದೆ. ಅವನಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ; ಶಾಲೆಯಲ್ಲಿ ತಾವು ಪಟ್ಟ ಪಾಡು ಮಕ್ಕಳಿಗೆ ಬೇಡವೆಂದು ಅವನ ಅಜ್ಜಿ ತಾತ ಅದನ್ನು ಕಲಿಸಿರಲಿಲ್ಲ. ಅವನ ಕಿವಿ ಕೆಂಪಾದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ತಾವಾಗಿ ಕೈಯೆತ್ತಿದವರಷ್ಟೇ ಓದುತ್ತಾರೆ.

(‘ಲ್ಯಾಟಿನೆಕ್ಸ್’ ಎಂಬ ಹೆಸರೂ ನಮ್ಮಂಥ ಪಾಠದವರದೇ ಹೆಚ್ಚು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಆ ಮೂಲದ ವಯಸ್ಕರ ಪೈಕಿ ಅದನ್ನು ತಮಗೆ ಬಳಸಿಕೊಳ್ಳುತ್ತೇವೆಂದವರು ಶೇ. 3 ಮಾತ್ರ. ನನ್ನ ತರಗತಿಯಲ್ಲಿ ಯಾರು ಏನೆಂದು ಕರೆದುಕೊಳ್ಳುತ್ತಾರೋ ಅದೇ ಅವರ ಹೆಸರು.)

ಆಮೇಲೆ ತೊಮಾಸ್ ರಿವೆರಾ. ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯಲ್ಲಿ ಹುಟ್ಟಿ, ಬೆಳೆ ಕೊಯ್ಲಿನ ಬೆನ್ನುಹತ್ತಿ ಊರೂರು ಅಲೆಯುವ ಕೂಲಿ ಕುಟುಂಬದಲ್ಲಿ ಬೆಳೆದವರು. 1971ರ ಅವರ ಪುಸ್ತಕದಲ್ಲಿ ಕಥೆಗಳ ನಡುವೆ ಪುಟ್ಟ ಪುಟ್ಟ ತುಣುಕುಗಳು, ಯಾರದೆಂದು ತಿಳಿಯದ ದನಿಗಳು. ಅದನ್ನು ಓದಿಸಿ, ಮನೆಯವರ ಒಂದು ಮಾತನ್ನು ಕೇಳಿದಂತೆಯೇ ಬರೆದು ತರಲು ಹೇಳುತ್ತೇನೆ.

ಸ್ಪ್ಯಾನಿಷ್ ಬಾರದ ಆ ಹುಡುಗ ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ಹಿಡಿದು, ಗೊತ್ತಿಲ್ಲದ ಪದಗಳನ್ನು ಕಿವಿಗೆ ಬಿದ್ದ ಹಾಗೆ ಬರೆದಿದ್ದ. ನನ್ನ ಕೈ ತಾನಾಗಿ ಅಂಚಿನಲ್ಲಿ ‘ಅರ್ಥ?’ ಎಂದು ಗೀಚಿಬಿಟ್ಟಿತ್ತು. ಅಳಿಸಹೋದೆ, ಕೆಂಪು ಶಾಯಿ ಬಿಡಲಿಲ್ಲ.