ಕಾಳಗದಲ್ಲಿ ಆಟಗಾರರು ಆಕಳಿಸದಂತೆ ಆಡಿಸುವುದು ಹೇಗೆ?

ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಕಾಳಗ ಮೈನವಿರೇಳಿಸಬೇಕಾದ ಘಟ್ಟ. ಆದರೆ ಆಟಗಾರರ ಕೈಗೆ ಮೊಬೈಲ್ ಬರುವುದೂ ಹೆಚ್ಚಾಗಿ ಆಗಲೇ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಐದನೆಯ ಆವೃತ್ತಿಯಲ್ಲಿ ಒಂದು ಸುತ್ತೆಂದರೆ ಕಥೆಯೊಳಗಿನ 6 ಸೆಕೆಂಡು. ಅದನ್ನು ಆಡಿ ಮುಗಿಸಲು ಅರ್ಧ ಗಂಟೆ ಹಿಡಿಯುತ್ತಿದ್ದರೆ ನಿಯಮಗಳನ್ನು ದೂರುವ ಮೊದಲು, ಒಬ್ಬರ ಸರದಿ ಮುಗಿದು ಇನ್ನೊಬ್ಬರದು ಶುರುವಾಗುವ ನಡುವೆ ಎಷ್ಟು ಹೊತ್ತು ಸೋರಿಹೋಗುತ್ತಿದೆ ಎಂಬುದನ್ನು ಗಮನಿಸಬೇಕು.

ಮೊದಲು ಗೇಮ್ ಮಾಸ್ಟರ್‌ನ, ಅಂದರೆ ಕಥೆ ನಡೆಸುತ್ತಾ ಶತ್ರುಗಳನ್ನೂ ಆಡಿಸುವವರ, ಸಿದ್ಧತೆ. ಶತ್ರುಗಳ ಹಿಟ್ ಪಾಯಿಂಟ್ (ಎಷ್ಟು ಹಾನಿ ತಾಳಬಲ್ಲವು ಎಂಬ ಅಂಕ) ಮತ್ತು ಆರ್ಮರ್ ಕ್ಲಾಸ್ (ಏಟು ತಾಗಲು ದಾಳಿಯ ಮೊತ್ತ ಮುಟ್ಟಬೇಕಾದ ಅಂಕ) ಒಂದೇ ಹಾಳೆಯಲ್ಲಿರಲಿ, ಒಂದೇ ಬಗೆಯ ಶತ್ರುಗಳಿಗೆಲ್ಲ ಸೇರಿಸಿ ಒಮ್ಮೆ ಮಾತ್ರ ಇನಿಷಿಯೇಟಿವ್, ಅಂದರೆ ಸರದಿಯ ಕ್ರಮ ನಿರ್ಧರಿಸುವ ದಾಳ, ಉರುಳಿಸಿ, ಸರದಿಯ ಪಟ್ಟಿ ಎಲ್ಲರ ಕಣ್ಣಿಗೂ ಬೀಳುವಂತಿರಲಿ.

ಬಹುತೇಕ ಗೇಮ್ ಮಾಸ್ಟರ್‌ಗಳು ಎಡವುವುದು ಮುಂದಿನ ಹಂತದಲ್ಲಿ, ಅಂದರೆ ಸರದಿ ದಾಟಿಸುವಲ್ಲಿ. ‘ಈಗ ಯಾರದು?’ ಎಂದು ಕೇಳಿ ಕಾಯುತ್ತಾ ಕೂರಬೇಡಿ. ಈಗಿನವರ ಹೆಸರಿನ ಜೊತೆಗೇ ಮುಂದಿನವರ ಹೆಸರನ್ನೂ ಹೇಳಿದರೆ ಅವರು ಮಂತ್ರದ ವಿವರವನ್ನು ಆಗಲೇ ಓದಿಕೊಂಡಿರುತ್ತಾರೆ. ಬಳಿಕ ಎದುರಿಗಿರುವ ಅಪಾಯವನ್ನು ಒಂದೇ ಉಸಿರಿನಲ್ಲಿ ಹೇಳಿ: ‘ದೈತ್ಯ ಓಗರ್ ನಿನ್ನ ನೆತ್ತಿಗೇ ಗದೆ ಎತ್ತಿದೆ, ಹಿಂದಿನ ಸೇತುವೆಗೆ ಬೆಂಕಿ ಹತ್ತಿದೆ, ಏನು ಮಾಡುತ್ತೀಯ?’ ಹೀಗೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಪಾತ್ರ ಏಟು ತಪ್ಪಿಸಿಕೊಳ್ಳುವುದರಲ್ಲಿ ತೊಡಗಿದೆ ಎಂದು ಸಾರಿ ಮುಂದಕ್ಕೆ ಹೋಗಿ. ಹೊಸಬರಿಗೆ ಈ ಕಟ್ಟುನಿಟ್ಟು ಬೇಡ, ಅವರ ಮುಂದೆ ಎರಡು ಆಯ್ಕೆಗಳನ್ನಿಟ್ಟರೆ ಸಾಕು. ಮರಳಿನ ಗಡಿಯಾರವನ್ನಂತೂ ಮೇಜಿಗೆ ತರಲೇಬೇಡಿ. ಎಲ್ಲರೂ ಆಟ ಬಿಟ್ಟು ಮರಳನ್ನೇ ನೋಡುತ್ತಾರೆ.

ಏಟು ತಾಗಿತೇ ಎಂದು ತಿಳಿಸುವ ದಾಳಿಯ ದಾಳವನ್ನೂ ಎಷ್ಟು ಹಾನಿಯಾಯಿತೆಂದು ತಿಳಿಸುವ ಡ್ಯಾಮೇಜ್ ದಾಳವನ್ನೂ ಒಟ್ಟಿಗೇ ಉರುಳಿಸುವುದು ಕಡ್ಡಾಯವಾಗಲಿ. ಅಲಂಕಾರದ ಕೆತ್ತನೆಯ ನಡುವೆ ಅಂಕಿಯೇ ಕಾಣದ ದುಬಾರಿ ದಾಳಗಳು ಕಪಾಟಿನಲ್ಲಿರುವುದೇ ಲೇಸು. ಶತ್ರುಗಳ ಡ್ಯಾಮೇಜ್‌ಗೆ ದಾಳವೇ ಬೇಕಿಲ್ಲ: 2014ರ ನಿಯಮಪುಸ್ತಕದಲ್ಲಿ ಓಗರ್‌ನ ಗದೆಗೆ ಎರಡು ಎಂಟು ಮುಖದ ದಾಳಗಳ ಮೊತ್ತಕ್ಕೆ 4 ಕೂಡಿಸಬೇಕೆಂದಿದ್ದರೂ, ಪಕ್ಕದಲ್ಲೇ ಸರಾಸರಿ 13 ಎಂದು ಅಚ್ಚಾಗಿದೆ. ಶತ್ರುಗಳ ಹಿಟ್ ಪಾಯಿಂಟ್ ಅರ್ಧಕ್ಕಿಳಿಸುವ ಒಳದಾರಿಯನ್ನು ಹಲವರು ಸೂಚಿಸುತ್ತಾರೆ. ಹಾಗೆ ಮಾಡುವುದಾದರೆ ಅವುಗಳ ಏಟನ್ನೂ ಬಲಪಡಿಸಿ. ಇಲ್ಲವಾದರೆ ಕಾಳಗ ಬೇಗ ಮುಗಿದರೂ ಯಾರಿಗೂ ಭಯ ಹುಟ್ಟುವುದಿಲ್ಲ. ನಿಯಮದ ಬಗ್ಗೆ ತಕರಾರು ಎದ್ದರೆ ಅಲ್ಲೇ ಒಂದು ತೀರ್ಮಾನ ಕೊಟ್ಟು, ಪುಸ್ತಕವನ್ನು ಆಟ ಮುಗಿದ ಮೇಲೆ ತೆರೆಯಿರಿ.

ಕೊನೆಯದು ಕಾಳಗ ನಿಲ್ಲಿಸುವುದು. ಇದೇ ಆಟದ 1981ರ ‘ಬೇಸಿಕ್’ ಆವೃತ್ತಿಯ ಮೊರಾಲ್ (ಶತ್ರುಗಳ ಎದೆಗಾರಿಕೆ) ನಿಯಮವನ್ನು ನಾನು ಯಾವ ಆಟಕ್ಕಾದರೂ ತಂದುಕೊಳ್ಳುತ್ತೇನೆ: ಮೊದಲ ಸಾವಾದಾಗ, ಮತ್ತೆ ಶತ್ರುಪಡೆಯ ಅರ್ಧ ಉರುಳಿದಾಗ, ಎರಡು ಆರು ಮುಖದ ದಾಳಗಳನ್ನು ಉರುಳಿಸಬೇಕು, ಮೊತ್ತವು ಅವುಗಳ ಮೊರಾಲ್ ಅಂಕವನ್ನು ಮೀರಿದರೆ ಅವು ಓಡುತ್ತವೆ ಅಥವಾ ಶರಣಾಗುತ್ತವೆ. ಅದೇ ಪುಸ್ತಕದಲ್ಲಿ ಅಸ್ಥಿಪಂಜರ ಮತ್ತು ಜೋಂಬಿಗಳ ಅಂಕ 12 ಆಗಿರುವುದರಿಂದ ಅವು ಎಂದಿಗೂ ಓಡುವುದಿಲ್ಲ. ಆದ್ದರಿಂದ ಅವನ್ನು ಹಿಂಡುಹಿಂಡಾಗಿ ಇಳಿಸುವ ಮೊದಲು, ಕೊನೆಯ ಮೂಳೆ ಬೀಳುವವರೆಗೂ ಆಡಿಸುವ ತಾಳ್ಮೆ ಮೇಜಿನ ಸುತ್ತ ಇದೆಯೇ ಎಂದು ನೋಡಿಕೊಳ್ಳಿ.