ಕೊಡಗಿಗೆ ಹೊರಟಿದ್ದೀರಾ? ಜಾಗಕ್ಕಿಂತ ಮೊದಲು ಪ್ರವಾಸ ಯಾವ ಥರದ್ದು ಅಂತ ಆರಿಸಿಕೊಳ್ಳಿ

ಅಬ್ಬಿ ಜಲಪಾತ, ಮಾಂದಲಪಟ್ಟಿ, ದುಬಾರೆ, ತಲಕಾವೇರಿ. ಎರಡೇ ದಿನದಲ್ಲಿ ಇಷ್ಟನ್ನೂ ಮುಗಿಸುವ ಪಟ್ಟಿ ಹಿಡಿದು ಬರುವ ಕಾಲೇಜು ಹುಡುಗ ಹುಡುಗಿಯರು ಪ್ರತಿ ವಾರ ಮಡಿಕೇರಿಯಲ್ಲಿ ಸಿಗುತ್ತಾರೆ. ನಕ್ಷೆಯಲ್ಲಿ ಎಲ್ಲ ಹತ್ತಿರವೇ. ಆದರೆ ದುಬಾರೆ ಕುಶಾಲನಗರದ ಕಡೆ, ತಲಕಾವೇರಿ ಅದಕ್ಕೆ ಪೂರ್ತಿ ಎದುರು ದಿಕ್ಕಿಗೆ. ದಾರಿಯುದ್ದಕ್ಕೂ ತಿರುವು. ನೋಡಿದ್ದಕ್ಕಿಂತ ಕಾರಿನಲ್ಲಿ ಕೂತಿದ್ದೇ ಜಾಸ್ತಿ ಆಗುತ್ತದೆ. ಹಾಗಾಗಬಾರದು ಅಂದರೆ ಹೀಗೆ ಮಾಡಿ.

ಮೊದಲ ಹೆಜ್ಜೆ: ಒಂದೇ ಥರ ಆರಿಸಿ

ಬೆಟ್ಟ ಹತ್ತಬೇಕಾ? ತೋಟದ ಮನೆಯಲ್ಲಿ ಇದ್ದುಬಿಡಬೇಕಾ? ಹಬ್ಬ, ಆಟ ನೋಡಬೇಕಾ? ಲ್ಯಾಪ್‌ಟಾಪ್ ತಂದು ಇಲ್ಲಿಂದಲೇ ಕೆಲಸ ಮಾಡಬೇಕಾ? ಒಂದು ಸಲಕ್ಕೆ ಒಂದು ಸಾಕು. ಗುಂಪಿನಲ್ಲಿ ಹೊರಟಿದ್ದರೆ ಈ ಮಾತು ಮನೆಯಲ್ಲೇ ಮುಗಿಯಲಿ.

ಎರಡನೆಯದು: ಅದಕ್ಕೆ ತಕ್ಕ ತಿಂಗಳು

ಚಾರಣಕ್ಕೆ ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆ. ಜಲಪಾತಗಳು ತುಂಬಿರುತ್ತವೆ, ನಿಜ. ಆದರೆ 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಊರುಗಳೇ ಮಣ್ಣಿನಡಿ ಹೋದದ್ದನ್ನು ನಾವು ಇನ್ನೂ ಮರೆತಿಲ್ಲ. ಜಿಲ್ಲಾಡಳಿತ ಚಾರಣ ನಿಲ್ಲಿಸಿದೆ ಅಂದರೆ ದಯವಿಟ್ಟು ಬೇರೆ ದಾರಿ ಹುಡುಕಬೇಡಿ.

ತೋಟ ನೋಡಬೇಕೆಂದರೆ ನನ್ನ ಆಯ್ಕೆ ಕಾಫಿ ಹೂವಿನ ಕಾಲ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಎಂಟು ಹತ್ತು ದಿನಕ್ಕೆ ಗಿಡದ ರೆಂಬೆ ರೆಂಬೆಯೂ ಬಿಳಿ. ಎಲೆಯ ಬುಡದಲ್ಲಿ ಹೂ ಗೊಂಚಲು ಗೊಂಚಲಾಗಿ ಒತ್ತಿಕೊಂಡಿರುತ್ತದೆ. ಮಲ್ಲಿಗೆಯದ್ದೇ ಪರಿಮಳ. ಮೂರು ನಾಲ್ಕು ದಿನ ಅಷ್ಟೇ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ದಿನಾಂಕ ಮೊದಲೇ ಗೊತ್ತು ಮಾಡಬೇಡಿ. ತೋಟದ ಹೋಂಸ್ಟೇಯವರಿಗೆ ಫೋನ್ ಮಾಡಿ "ಮಳೆ ಬಿತ್ತಾ?" ಅಂತ ಕೇಳಿ ಹೊರಡಿ. ಹಣ್ಣು ಕುಯ್ಯೋದು ನೋಡಬೇಕಿದ್ದರೆ ಡಿಸೆಂಬರ್, ಜನವರಿ. ಕೆಲಸದವರು ಬಿಡುವಿಲ್ಲದೆ ದುಡಿಯುವ ಸಮಯ ಅದು, ಕೇಳದೆ ಅವರ ಫೋಟೊ ತೆಗೆಯಬೇಡಿ.

ಆಟ ಇಷ್ಟವಾದರೆ ಬೇಸಿಗೆಯ ಕೊಡವ ಹಾಕಿ ಹಬ್ಬಕ್ಕೆ ಬನ್ನಿ. 1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದ ಈ ಹಬ್ಬವನ್ನು ಪ್ರತಿ ವರ್ಷ ಒಂದೊಂದು ಮನೆತನ ನಡೆಸುತ್ತದೆ. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬ ತಂಡಗಳಿದ್ದವು. ಒಂದೇ ತಂಡದಲ್ಲಿ ಅಪ್ಪ, ಮಗಳು ಜೊತೆಗೆ ಆಡುವುದನ್ನು ಬೇರೆಲ್ಲಿ ನೋಡುತ್ತೀರಿ? ಇಷ್ಟು ಚಂದದ ಹಬ್ಬ ಪ್ರವಾಸಿಗರ ಪಟ್ಟಿಯಲ್ಲಿ ಕಾಣುವುದೇ ಇಲ್ಲ ಅನ್ನೋದು ನನಗೆ ಬೇಸರ.

ಆಮೇಲೆ ಟಿಕೆಟ್, ರೂಮು

ಕೊಡಗಿಗೆ ರೈಲಿಲ್ಲ. ಮೈಸೂರಿನವರೆಗೆ ರೈಲು, ಅಲ್ಲಿಂದ ಸುಮಾರು 120 ಕಿಲೋಮೀಟರ್ ಬಸ್ಸು. ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ ಇದೇ ಸರಿ. ಊರೊಳಗೆ ಓಡಾಡಲು ಬಸ್ಸಿದೆ, ಆದರೆ ಸಂಜೆಯ ಕೊನೆ ಬಸ್ಸು ಎಷ್ಟು ಗಂಟೆಗೆ ಅಂತ ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೇಳಿಟ್ಟುಕೊಳ್ಳಿ.

ತಡಿಯಂಡಮೋಳ್ ಹತ್ತುವವರು ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲೇ ಟಿಕೆಟ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ ಇದೆ. 1,748 ಮೀಟರ್ ಎತ್ತರದ ಇದೇ ಕೊಡಗಿನ ಅತಿ ಎತ್ತರದ ಬೆಟ್ಟ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ಕಡೆಯಿಂದ ದಾರಿ. ಕೊನೆಯ ಏರು ಕಡಿದು, ಮೇಲೆ ನೀರು ಸಿಗಲ್ಲ. ಒಬ್ಬೊಬ್ಬರೂ ಎರಡು ಲೀಟರ್ ಹೊತ್ತುಕೊಳ್ಳಿ. ನೆಲ ಒದ್ದೆ ಇದ್ದರೆ ಜಿಗಣೆ ಗ್ಯಾರಂಟಿ. ಪ್ಯಾಂಟನ್ನು ಸಾಕ್ಸ್ ಒಳಗೆ ತೂರಿಸಿ, ಸ್ವಲ್ಪ ಉಪ್ಪು ಜೇಬಲ್ಲಿರಲಿ.

ಹೋಂಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತ ವಿಚಾರಿಸಿ. ಊಟ ಮನೆಯವರೇ ಮಾಡುವ ಕಡೆ ಇದ್ದರೆ ಕಡಂಬುಟ್ಟು (ಅಕ್ಕಿ ತರಿಯ ಕಡುಬು), ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಕಾಚಂಪುಳಿ ಅನ್ನುವ ಕಪ್ಪು ಹುಳಿ ಹಾಕಿದ ಪಂದಿ ಕರಿ (ಹಂದಿ ಮಾಂಸದ ಪಲ್ಯ) ಸಿಗುತ್ತದೆ. ಹಂದಿ ತಿನ್ನದವರು ಕಣಿಲೆ (ಎಳೆ ಬಿದಿರು) ಸಾರು ಕೇಳಿ. ಲ್ಯಾಪ್‌ಟಾಪ್ ಕೆಲಸದವರು "ನೆಟ್‌ವರ್ಕ್ ಇದೆಯಾ" ಅಂತಷ್ಟೇ ಕೇಳಿದರೆ ಸಾಲದು. ಯಾವ ಕಂಪನಿಯ ಸಿಮ್ ಹಿಡಿಯುತ್ತದೆ, ಕರೆಂಟ್ ಹೋದರೆ ಇನ್ವರ್ಟರ್ ಎಷ್ಟು ಹೊತ್ತು ಬರುತ್ತದೆ, ಎರಡನ್ನೂ ಕೇಳಿ.

ಬಂದ ಮೇಲೆ

ನಸುಕಿನಲ್ಲಿ, ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಸುಮ್ನೆ ನಡೆದು ಹೋಗಬೇಡಿ. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಕಾಡಾನೆ ಇರುತ್ತವೆ. ರೀಲ್ಸ್ ಮಾಡಲು ಆನೆ ಹತ್ತಿರ ಹೋಗುವುದಂತೂ ಬೇಡವೇ ಬೇಡ. ದೇವರಕಾಡು ಕಂಡರೆ ಹೊರಗೇ ನಿಲ್ಲಿ. ಕೊಂಬೆ ಮುರಿಯುವುದೂ ಇಲ್ಲಿನವರಿಗೆ ತಪ್ಪು.

ಹಿಂದಿರುಗಲು ಭಾನುವಾರ ಸಂಜೆ ಬಿಟ್ಟು ಸೋಮವಾರ ಬೆಳಗಿನ ಬಸ್ಸು ಹಿಡಿಯಿರಿ. ಕುಶಾಲನಗರದ ವಾಹನದ ಸಾಲು ತಪ್ಪುತ್ತದೆ. ಉಳಿದ ಆ ಸಂಜೆಗೆ ಮಡಿಕೇರಿಯಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ ಅವರ ವಸ್ತುಸಂಗ್ರಹಾಲಯ ಇದೆ. ಅವರು ಹುಟ್ಟಿ ಬೆಳೆದ 'ಸನ್ನಿ ಸೈಡ್' ಮನೆಯೇ ಅದು.