ಕಡಿಮೆ ದುಡ್ಡಿನ ಇಟಾಲಿಯನ್ ಸೈನ್ಸ್ ಫಿಕ್ಷನ್ ಫೈಟಿಂಗ್ ಸಿನಿಮಾ ನೋಡುವುದು ಹೇಗೆ?

80ರ ದಶಕದ ಈ ಸಿನಿಮಾಗಳನ್ನು ಕಥೆಗಾಗಿ ನೋಡಬೇಡಿ, ಬೇಜಾರಾಗುತ್ತದೆ. ದುಡ್ಡು ಎಲ್ಲೆಲ್ಲಿ ಉಳಿಸಿದ್ದಾರೆ ಅಂತ ನೋಡುತ್ತಾ ಹೋಗಿ. ಮಜಾ ಇರುವುದೇ ಅಲ್ಲಿ.

ಶುರು ಮಾಡಲು '1990: ದಿ ಬ್ರಾಂಕ್ಸ್ ವಾರಿಯರ್ಸ್' ಹಾಕಿ. 1982ರದ್ದು, ನಿರ್ದೇಶಕ ಎಂಜೋ ಕಾಸ್ಟೆಲ್ಲಾರಿ. ಅದರ ಹಿಂದಿನ ವರ್ಷ ಅಮೆರಿಕದಲ್ಲಿ 'ಎಸ್ಕೇಪ್ ಫ್ರಮ್ ನ್ಯೂಯಾರ್ಕ್' ಬಂದಿತ್ತು, ಅದಕ್ಕೂ ಮುಂಚೆ 1979ರಲ್ಲಿ 'ದಿ ವಾರಿಯರ್ಸ್'. ಎರಡನ್ನೂ ಒಟ್ಟಿಗೆ ರುಬ್ಬಿದ್ದಾರೆ, ಮುಚ್ಚುಮರೆ ಏನೂ ಇಲ್ಲ. ಒಂದು ಸಿನಿಮಾ ಓಡಿದರೆ ಅದೇ ಜಾಡಿನಲ್ಲಿ ಸಾಲುಸಾಲಾಗಿ ಸಿನಿಮಾ ತೆಗೆಯುತ್ತಾರಲ್ಲ, ಆ ಸಾಲಿಗೆ ಇಟಲಿಯವರು 'ಫಿಲೋನೆ' ಅನ್ನುತ್ತಾರೆ.

ನೋಡುವಾಗ ಹೀರೋನ ಬಿಟ್ಟು ಅವನ ಹಿಂದಿರುವ ಗೋಡೆ ನೋಡಿ. ಹೊರಗಿನ ದೃಶ್ಯಗಳಲ್ಲಿ ಒಂದಷ್ಟು ನ್ಯೂಯಾರ್ಕ್ ನಗರದ ನಿಜವಾದ ಬ್ರಾಂಕ್ಸ್‌ನಲ್ಲೇ ತೆಗೆದದ್ದು, ಉಳಿದದ್ದು ರೋಮ್‌ನಲ್ಲಿ. ಆಗ ಬ್ರಾಂಕ್ಸ್‌ನಲ್ಲಿ ಸುಟ್ಟು ಖಾಲಿ ಬಿದ್ದ ಕಟ್ಟಡಗಳು ಬೇಕಾದಷ್ಟಿದ್ದವು, ಹಾಗಾಗಿ ಹಾಳೂರು ಪುಕ್ಕಟೆ ಸಿಕ್ಕಿತು! ನದಿ ದಂಡೆಯಲ್ಲಿ ಗ್ಯಾಂಗುಗಳು ಎದುರುಬದುರಾದಾಗ ಒಬ್ಬ ತನ್ನ ಪಾಡಿಗೆ ತಾನು ಡ್ರಮ್ಸ್ ಬಾರಿಸುತ್ತಿರುತ್ತಾನೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. ನೀವೂ ಕೇಳಬೇಡಿ.

ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ ಹೋಗುತ್ತಿದ್ದರೆ ನಿಮ್ಮ ಟೀವಿ ಕೆಟ್ಟಿಲ್ಲ. ಆ ಕಾಲದ ಇಟಲಿಯಲ್ಲಿ ಸಾಮಾನ್ಯವಾಗಿ ಮಾತನ್ನು ಶೂಟಿಂಗ್ ಮುಗಿದ ಮೇಲೆ ಸ್ಟುಡಿಯೋದಲ್ಲಿ ಸೇರಿಸುತ್ತಿದ್ದರು, ನಟರು ಬೇರೆ ಬೇರೆ ದೇಶದವರಾದ್ದರಿಂದ ಸೆಟ್‌ನಲ್ಲಿ ಅವರವರ ಭಾಷೆಯಲ್ಲೇ ಮಾತಾಡಿ ಮುಗಿಸುತ್ತಿದ್ದದ್ದೂ ಉಂಟು. ಇಂಗ್ಲಿಷ್ ಒರಿಜಿನಲ್ಲಾ ಇಟಾಲಿಯನ್ ಒರಿಜಿನಲ್ಲಾ ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಎರಡೂ ಡಬ್ಬಿಂಗೇ. ನಾನು ಇಂಗ್ಲಿಷೇ ಹಾಕಿಕೊಳ್ಳುತ್ತೇನೆ, ನಗು ಜಾಸ್ತಿ ಬರುತ್ತದೆ.

ಹುಡುಕುವಾಗ ಮಾತ್ರ ಹುಷಾರು. ಒಂದೇ ಸಿನಿಮಾಗೆ ಎರಡು ಮೂರು ಹೆಸರು. 1983ರ 'ದಿ ನ್ಯೂ ಬಾರ್ಬೇರಿಯನ್ಸ್' ಮತ್ತು 'ವಾರಿಯರ್ಸ್ ಆಫ್ ದಿ ವೇಸ್ಟ್‌ಲ್ಯಾಂಡ್' ಬೇರೆ ಬೇರೆ ಅಂದುಕೊಂಡು ಎರಡಕ್ಕೂ ದುಡ್ಡು ಕೊಟ್ಟೀರಿ. ನಿರ್ದೇಶಕರೂ ಇಂಗ್ಲಿಷ್ ಹೆಸರಿನ ಹಿಂದೆ ಅಡಗಿರುತ್ತಾರೆ: ಸೆರ್ಜಿಯೋ ಮಾರ್ಟಿನೋ ಟೈಟಲ್ ಕಾರ್ಡಿನಲ್ಲಿ 'ಮಾರ್ಟಿನ್ ಡಾಲ್ಮನ್' ಆಗುತ್ತಾರೆ. ಅವರ '2019: ಆಫ್ಟರ್ ದಿ ಫಾಲ್ ಆಫ್ ನ್ಯೂಯಾರ್ಕ್' ಎರಡನೆಯದಾಗಿ ನೋಡಿ. ಅಣುಯುದ್ಧದ ನಂತರ ಮಕ್ಕಳೇ ಹುಟ್ಟದ ಲೋಕ, ಅದರಲ್ಲಿ ಹೆರಬಲ್ಲವಳಾಗಿ ಉಳಿದಿರುವ ಒಬ್ಬಳನ್ನು ಹುಡುಕಿ ತರಬೇಕು. ಮುರಿದ ನಗರವನ್ನು ಪುಟ್ಟ ಮಾದರಿಗಳಲ್ಲಿ ತೋರಿಸುತ್ತಾರೆ, ಆಟಿಕೆ ಅಂತ ಗೊತ್ತಾಗುತ್ತದೆ, ಆದರೂ ನನಗೆ ಇಷ್ಟ.

ಮೂರನೆಯದಕ್ಕೆ, ಅಂದರೆ 'ದಿ ನ್ಯೂ ಬಾರ್ಬೇರಿಯನ್ಸ್'ಗೆ ಬರುವಷ್ಟರಲ್ಲಿ ಒಂದು ಮುಖ ಪರಿಚಯವಾಗಿರುತ್ತದೆ. ಭಾರೀ ಎತ್ತರ, ಹೆಸರು ಜಾರ್ಜ್ ಈಸ್ಟ್‌ಮನ್, ನಿಜವಾದ ಹೆಸರು ಲುಯಿಜಿ ಮಾಂಟೆಫಿಯೊರಿ. ಮೇಲೆ ಹೇಳಿದ ಮೂರರಲ್ಲೂ ಇದ್ದಾರೆ! ಬ್ರಾಂಕ್ಸ್‌ನಲ್ಲಿ ಚಕ್ರದ ಶೂ ಹಾಕಿದ ಗ್ಯಾಂಗಿನ ನಾಯಕ. ಗೆಳೆಯರ ಜೊತೆ ಕೂತಿದ್ದರೆ ಇವರನ್ನು ಮೊದಲು ಗುರುತಿಸಿದವರಿಗೆ ಬೋಂಡಾ ಅಂತ ಪಂದ್ಯ ಕಟ್ಟಿ.

ಮಕ್ಕಳನ್ನು ಮಾತ್ರ ಕೂರಿಸಿಕೊಳ್ಳಬೇಡಿ. ರಕ್ತ ಧಾರಾಳ, 'ಬಾರ್ಬೇರಿಯನ್ಸ್'ನಲ್ಲಿ ಲೈಂಗಿಕ ಹಿಂಸೆಯ ದೃಶ್ಯವೂ ಇದೆ.